ರಾಜ, ಯಜಮಾನ, ದೇವರು

ಚರಿತ್ರೆಯ ಪಾಠದ ಕೊನೆಗೆ ಕಠಿಣ ಪದಗಳ ಅರ್ಥ ಕೊಡುವ ಪದ್ಧತಿ ಇದೆ. ಯುರೋಪಿನ ಚರಿತ್ರೆಯಾದರಂತೂ ಆ ಪಟ್ಟಿ ಇನ್ನಷ್ಟು ಉದ್ದ. ನಿರಂಕುಶ ಪ್ರಭುತ್ವ ಎಂದರೆ ರಾಜನ ಅಧಿಕಾರಕ್ಕೆ ಮಿತಿಯೇ ಇಲ್ಲದ ಆಳ್ವಿಕೆ. ದೈವದತ್ತ ಅಧಿಕಾರ ಎಂದರೆ ರಾಜ ದೇವರ ಪ್ರತಿನಿಧಿ ಎಂಬ ತತ್ತ್ವ. ಎಸ್ಟೇಟ್ ಎಂದರೆ ಸಮಾಜದ ವರ್ಗ. ಮತಸುಧಾರಣೆ ಎಂದರೆ ಚರ್ಚಿನ ಅನಾಚಾರಗಳ ವಿರುದ್ಧ ನಡೆದ ಚಳವಳಿ. ಮಕ್ಕಳು ಇವನ್ನು ಬಾಯಿಪಾಠ ಮಾಡಿ, ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದು, ಪರೀಕ್ಷೆ ಮುಗಿದ ಸಂಜೆಯೇ ಮರೆತುಬಿಡುತ್ತಾರೆ. ನಾವೂ ಹಾಗೆ ಓದಿಕೊಂಡು ಬಂದವರೇ.

ಪದಗಳ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕಾಲವನ್ನು ಅರಿಯಲು ಆ ಕಾಲದ ಪದಗಳು ಬೇಕೇ ಬೇಕು. ನನ್ನ ತಕರಾರು ಇರುವುದು ಆ ಒಂದು ಸಾಲಿನ ಅರ್ಥದ ಮೇಲೆ. ಅಧಿಕಾರದಲ್ಲಿದ್ದವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ನಾವು ಪದದ ಅರ್ಥವೆಂದು ಬರೆದುಕೊಳ್ಳುತ್ತೇವೆ. ಅಲ್ಲದೆ ಒಂದೊಂದು ಪದವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚುತ್ತೇವೆ. ರಾಜಕೀಯದ ಪದ ಒಂದು ಕಡೆ, ಧರ್ಮದ ಪದ ಇನ್ನೊಂದು ಕಡೆ, ಸಮಾಜದ ಪದ ಮತ್ತೊಂದು ಕಡೆ. ಆ ಕಾಲದ ಜನರಿಗೆ ಅವು ಬೇರೆ ಬೇರೆಯಾಗಿರಲಿಲ್ಲ. ಒಂದೇ ಮನೆಯ ನೆಂಟರಂತೆ ಒಂದಕ್ಕೊಂದು ಒರಗಿಕೊಂಡೇ ನಿಂತಿದ್ದವು.

ನಾನು ಹೇಳುತ್ತಿರುವುದು ಸುಮಾರು 1500ರಿಂದ 1789ರ ಫ್ರಾನ್ಸಿನ ಕ್ರಾಂತಿಯವರೆಗಿನ ಯುರೋಪಿನ ಮಾತು. ವಿದ್ವಾಂಸರು ಇದನ್ನು ಆರಂಭಿಕ ಆಧುನಿಕ ಕಾಲ ಎನ್ನುತ್ತಾರೆ. ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಪುಸ್ತಕ ಹಿಡಿಯುವ ನಮಗೆ ಆ ದೇಶದ ರಾಜರ ಗೊಡವೆ ಯಾಕೆ ಎನ್ನಬೇಡಿ. ಆ ರಾಜರ ವಾದವೆಲ್ಲ ನಿಂತಿದ್ದದ್ದು ಮನೆ ಎಂಬ ಅಡಿಪಾಯದ ಮೇಲೆಯೇ. ಅದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

ಮೊದಲು 'ನಿರಂಕುಶ' ಎಂಬ ಪದವನ್ನೇ ನೋಡಿ. ಅಂಕುಶವೆಂದರೆ ಮಾವುತನ ಕೈಯ ಕೊಕ್ಕೆ. ಅಂಕುಶವಿಲ್ಲದ ಆನೆಯಂತೆ ನಡೆಯುವವನು ನಿರಂಕುಶ. ಕನ್ನಡದಲ್ಲಿ ಈ ಪದ ಎಷ್ಟು ಚಿತ್ರವತ್ತಾಗಿದೆಯೆಂದರೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಎಂದೊಡನೆ ಮದವೇರಿದ ಆನೆಯೇ ಕಣ್ಣಮುಂದೆ ಬರುತ್ತದೆ. ಆದರೆ ಯುರೋಪಿನ ಮೂಲ ಪದದ ಅರ್ಥ ಇಷ್ಟು ರಭಸದ್ದಲ್ಲ. ಕಾನೂನು ಮಾಡುವವನು ತಾನು ಮಾಡಿದ ಕಾನೂನಿನ ಕಟ್ಟಿಗೆ ಒಳಪಟ್ಟವನಲ್ಲ, ಅದರಿಂದ ಬಿಡುಗಡೆ ಪಡೆದವನು ಎಂಬಷ್ಟೇ ಅದರ ಭಾವ. ಪರಮಾಧಿಕಾರದ ಸಿದ್ಧಾಂತವನ್ನು 1576ರಲ್ಲಿ ದೊಡ್ಡ ಗ್ರಂಥವಾಗಿ ಬರೆದ ಫ್ರಾನ್ಸಿನ ಜೀನ್ ಬೋಡಿನ್ ಕೂಡ ರಾಜ ದೇವರ ನಿಯಮಕ್ಕೂ ಪ್ರಕೃತಿಯ ನಿಯಮಕ್ಕೂ ಬದ್ಧನೆಂದೇ ಹೇಳಿದ. ಪ್ರಜೆಗಳ ಒಪ್ಪಿಗೆಯಿಲ್ಲದೆ ಮನಬಂದಂತೆ ತೆರಿಗೆ ಹಾಕುವಂತಿಲ್ಲ ಎಂದೂ ಹೇಳಿದ.

1643ರಿಂದ 1715ರವರೆಗೆ ಪಟ್ಟದಲ್ಲಿದ್ದ ಲೂಯಿಗೆ ಅಂಕುಶಗಳು ಬೇಕಾದಷ್ಟಿದ್ದವು. ಸರ್ಕಾರಿ ಹುದ್ದೆಗಳನ್ನು ದುಡ್ಡಿಗೆ ಮಾರಿದ್ದರಿಂದ ಕೊಂಡವರನ್ನು ಸುಲಭವಾಗಿ ತೆಗೆಯುವಂತಿರಲಿಲ್ಲ. ಅನೇಕ ತೆರಿಗೆಗಳನ್ನು ಗುತ್ತಿಗೆದಾರರು ವಸೂಲು ಮಾಡುತ್ತಿದ್ದರು. ಯುದ್ಧಕ್ಕೆ ಸಾಲ ಬೇಕಾಗುತ್ತಿತ್ತು. 'ನಾನೇ ರಾಜ್ಯ' ಎಂದು ಅವನು ಹೇಳಿದನೆನ್ನುವ ಮಾತಿಗೆ ಅವನ ಕಾಲದ ಆಧಾರವೇ ಇಲ್ಲ. ಹಾಗೆಂದು ಅವನು ಸಾಧು ಎಂದಲ್ಲ. 1598ರ ನಾಂಟ್ ಶಾಸನದಿಂದ ಪ್ರೊಟೆಸ್ಟೆಂಟರಿಗೆ ಸಿಕ್ಕಿದ್ದ ಹಕ್ಕುಗಳನ್ನು 1685ರಲ್ಲಿ ಕಿತ್ತುಕೊಂಡವನು ಅವನೇ. ಸುಮಾರು 2 ಲಕ್ಷ ಮಂದಿ ದೇಶ ಬಿಟ್ಟರು. ನಾನು ಹೇಳುವುದಿಷ್ಟೇ: ನಿರಂಕುಶ ಎಂಬುದು ರಾಜನ ಹಂಬಲ. ಅದನ್ನು ವಾಸ್ತವದ ವರ್ಣನೆಯೆಂದು ಬರೆದುಕೊಂಡರೆ ರಾಜನ ಆಸ್ಥಾನದ ಭಟ್ಟಂಗಿಯ ಕೆಲಸವನ್ನು ನಾವು ಮಾಡಿದಂತಾಗುತ್ತದೆ.

ಎಸ್ಟೇಟ್ ಎಂದರೆ ಚಿಕ್ಕಮಗಳೂರು, ಕೊಡಗಿನ ಕಡೆಯ ಮಕ್ಕಳಿಗೆ ಕಾಫಿ ತೋಟ. ಅದನ್ನು ಬಿಡಿಸಿ ಹೇಳುವ ಆತುರದಲ್ಲಿ ನಮ್ಮ ವರ್ಣವ್ಯವಸ್ಥೆಯಂತೆಯೇ ಎಂದುಬಿಡುವವರಿದ್ದಾರೆ. ಹೋಲಿಕೆ ಸ್ವಲ್ಪ ದೂರ ಮಾತ್ರ ನಡೆಯುತ್ತದೆ. ಪ್ರಾರ್ಥಿಸುವವರು, ಕಾದಾಡುವವರು, ದುಡಿಯುವವರು ಎಂಬ ಮೂರು ವಿಂಗಡಣೆ ಅಲ್ಲಿತ್ತು, ನಿಜ. ಆದರೆ ಕ್ಯಾಥೊಲಿಕ್ ಪಾದ್ರಿಗಳಿಗೆ ಮದುವೆಯಿಲ್ಲ. ಆದ್ದರಿಂದ ಮೊದಲನೆಯ ಎಸ್ಟೇಟು ಹುಟ್ಟಿನಿಂದ ಬರುವಂಥದಲ್ಲ. ರೈತನ ಮಗನೂ ಪಾದ್ರಿಯಾಗಬಹುದಿತ್ತು, ಹಣವಿದ್ದ ವಕೀಲ ದೊಡ್ಡ ಹುದ್ದೆ ಕೊಂಡು ಶ್ರೀಮಂತ ವರ್ಗಕ್ಕೆ ಏರಬಹುದಿತ್ತು. ಫ್ರಾನ್ಸಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನ ಮೂರನೆಯ ಎಸ್ಟೇಟಿನವರು. ಅವರೂ ಸೇರಿದ ಮಹಾಸಭೆಯನ್ನು 1614ರ ನಂತರ 1789ರವರೆಗೆ ರಾಜರು ಕರೆಯಲೇ ಇಲ್ಲ.

ಇದರಲ್ಲಿ ಹೆಂಗಸರು ಎಲ್ಲಿ? ಕ್ರೈಸ್ತ ಸಂನ್ಯಾಸಿನಿಯರಿಗೆ ಮೊದಲನೆಯದರಲ್ಲಿ ಜಾಗ. ಉಳಿದವರಿಗೆ ಮೊದಲು ತಂದೆಯದು, ಆಮೇಲೆ ಗಂಡನದು. ಹೆಂಗಸರನ್ನು ಎಣಿಸುವ ಮೂರು ಮನೆಗಳೇ ಬೇರೆ ಇದ್ದವು: ಕನ್ಯೆ, ಹೆಂಡತಿ, ವಿಧವೆ. ಗಂಡಸನ್ನು ಏನು ಕೆಲಸ ಮಾಡುತ್ತೀ ಎಂದು ಕೇಳಿದರೆ ಹೆಂಗಸನ್ನು ಯಾರ ಮನೆಯವಳು ಎಂದು ಕೇಳುತ್ತಿದ್ದರು. 1789ರ ಮಹಾಸಭೆಯ ಚುನಾವಣೆಯಲ್ಲಿ ಜಹಗೀರು ಹೊಂದಿದ್ದ ಶ್ರೀಮಂತ ಹೆಂಗಸರಿಗೆ ಪಾಲಿತ್ತು, ಆದರೆ ತಮ್ಮ ಪರವಾಗಿ ಒಬ್ಬ ಗಂಡಸನ್ನು ಕಳುಹಿಸಬೇಕಾಗಿತ್ತು. ಎಸ್ಟೇಟ್ ಎಂದರೆ ವರ್ಗ ಎಂದು ಬರೆದು ಮುಂದಕ್ಕೆ ಹೋದರೆ ಇದ್ಯಾವುದೂ ಕಾಣುವುದಿಲ್ಲ.

ಇನ್ನು ಮತಸುಧಾರಣೆ. ಸುಧಾರಣೆ ಎಂಬ ಪದದಲ್ಲೇ ಒಳ್ಳೆಯದಾಯಿತು ಎಂಬ ತೀರ್ಪು ಇದೆ. 1517ರಲ್ಲಿ ಮಾರ್ಟಿನ್ ಲೂಥರ್ ಪಾಪವಿಮೋಚನಾ ಪತ್ರಗಳ ಮಾರಾಟದ ವಿರುದ್ಧ 95 ಅಂಶಗಳನ್ನು ಮುಂದಿಟ್ಟದ್ದು ಧೈರ್ಯದ ಕೆಲಸವೇ. ಹೆಣ್ಣುಮಕ್ಕಳಿಗೂ ಶಾಲೆ ಬೇಕು ಎಂದು ಅವನು 1524ರಲ್ಲಿ ಜರ್ಮನಿಯ ಪಟ್ಟಣಗಳಿಗೆ ಬರೆದ. ಮೇಷ್ಟರಮ್ಮಳಾದ ನಾನು ಆ ಋಣ ಮರೆಯಲಾರೆ. ಆದರೆ ನ್ಯೂರೆಂಬರ್ಗ್ ಪಟ್ಟಣದಲ್ಲಿ ಏನಾಯಿತೆಂದು ನೋಡಿ. 1525ರಲ್ಲಿ ಆ ಊರಿನ ಆಡಳಿತ ಲೂಥರನ ಪಕ್ಷಕ್ಕೆ ಸೇರಿತು. ಅಲ್ಲಿದ್ದ ಸಂತ ಕ್ಲಾರಳ ಮಠಕ್ಕೆ ಕಾರಿಟಾಸ್ ಪಿರ್ಕ್‌ಹೈಮರ್ ಎಂಬಾಕೆ ಮುಖ್ಯಸ್ಥೆ. ಲ್ಯಾಟಿನ್ ಬಲ್ಲ ವಿದುಷಿ, ಆ ಕಾಲದ ಪಂಡಿತರೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದವಳು. ಮಠ ಬಿಟ್ಟು ಬನ್ನಿ, ಮದುವೆಯಾಗಿ ಎಂದು ಊರಿನವರು ಒತ್ತಾಯಿಸಿದಾಗ ಆಕೆ ಒಪ್ಪಲಿಲ್ಲ. ಆ ವರ್ಷ ಜೂನ್ ತಿಂಗಳಲ್ಲಿ ಮೂವರು ತಾಯಂದಿರು ಬಂದು ತಮ್ಮ ಮೂವರು ಹೆಣ್ಣುಮಕ್ಕಳನ್ನು, ಅವರು ಅಳುತ್ತ ಬೇಡವೆನ್ನುತ್ತಿದ್ದರೂ ಬಿಡದೆ ಎಳೆದುಕೊಂಡು ಹೋದರು. ಕಾರಿಟಾಸ್ ಅದನ್ನೆಲ್ಲ ಬರೆದಿಟ್ಟಿದ್ದಾಳೆ. ಲೂಥರನ ಗೆಳೆಯ ಮೆಲಾಂಕ್ಟನ್ ಮಧ್ಯೆ ಬಂದು ಬುದ್ಧಿ ಹೇಳಿದ ಮೇಲೆ ಮಠವನ್ನು ಅದರ ಪಾಡಿಗೆ ಬಿಟ್ಟರು. ಆದರೆ ಹೊಸಬರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಇದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು, ಮಠ ಮುಗಿಯಿತು.

ಸುಧಾರಣೆ ಯಾರಿಗೆ ಆಯಿತು? ಮದುವೆಯಾಗಲು ಇಷ್ಟಪಟ್ಟ ಪಾದ್ರಿಗೆ ಆಯಿತು. ಮಠ ಬಿಟ್ಟು ಬಂದು 1525ರಲ್ಲಿ ಲೂಥರನನ್ನೇ ಮದುವೆಯಾದ ಕಾತರಿನಾಳಿಗೂ ಆಗಿರಬಹುದು. ಮದುವೆ ಬೇಡ, ಓದು ಬೇಕು, ಹೆಂಗಸರ ನಡುವೆ ಹೆಂಗಸೇ ಮುಖ್ಯಸ್ಥೆಯಾಗಿರುವ ಜಾಗ ಬೇಕು ಎಂದವಳಿಗೆ ಇದ್ದ ಒಂದು ಬಾಗಿಲೂ ಮುಚ್ಚಿತು.

ದೈವದತ್ತ ಅಧಿಕಾರದ ಪಾಠ ಮಾಡುತ್ತಿದ್ದಾಗ ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ರಾಜ ದೇವರ ಪ್ರತಿನಿಧಿ ಅಂದ್ರೆ, ರಾಣಿ ಯಾರ ಪ್ರತಿನಿಧಿ?" ತರಗತಿಯೆಲ್ಲ ನಕ್ಕಿತು. ಆ ಪ್ರಶ್ನೆಗೆ ಆ ಕಾಲದ ಯುರೋಪ್ ನಕ್ಕಿರಲಿಲ್ಲ, ತಲೆ ಕೆರೆದುಕೊಂಡಿತ್ತು.

ಫ್ರಾನ್ಸಿನವರು ಸಮಸ್ಯೆಯನ್ನೇ ಬರದಂತೆ ಮಾಡಿಕೊಂಡರು. 1316ರಿಂದ ಅಲ್ಲಿ ರಾಜನ ಮಗಳಿಗೆ ಪಟ್ಟ ತಪ್ಪಿತು. ಆಮೇಲೆ ವಕೀಲರು ಫ್ರಾಂಕ್ ಜನರ ಹಳೆಯ ಸ್ಯಾಲಿಕ್ ಕಾನೂನಿನಲ್ಲಿದ್ದ, ಭೂಮಿಯ ಉತ್ತರಾಧಿಕಾರಕ್ಕೆ ಸಂಬಂಧಿಸಿದ ಒಂದು ಮಾತನ್ನು ಹುಡುಕಿ ತಂದು ಅದಕ್ಕೆ ಆಧಾರ ಕಟ್ಟಿದರು. ಮೊದಲು ತೀರ್ಮಾನ, ಆಮೇಲೆ ಶಾಸ್ತ್ರ. ಆದರೂ ಮಗ ಚಿಕ್ಕವನಾಗಿದ್ದಾಗ ರಾಜ್ಯವಾಳಿದವರು ತಾಯಂದಿರೇ. 1560ರಿಂದ ಕ್ಯಾಥರೀನ್ ಡಿ ಮೆಡಿಚಿ, 1610ರಿಂದ ಮರೀ ಡಿ ಮೆಡಿಚಿ, 1643ರಿಂದ ಲೂಯಿಯ ತಾಯಿ ಆಸ್ಟ್ರಿಯದ ಆನ್. ಕೆಲಸಕ್ಕೆ ಹೆಂಗಸು ಆಗುತ್ತಾಳೆ, ಹೆಸರಿಗೆ ಆಗುವುದಿಲ್ಲ.

ಇಂಗ್ಲೆಂಡಿನಲ್ಲಿ ಪ್ರಶ್ನೆ ತಪ್ಪಿಸಿಕೊಳ್ಳಲಾಗಲಿಲ್ಲ. ಹೆಂಗಸರ ಆಳ್ವಿಕೆ ದೇವರಿಗೂ ಪ್ರಕೃತಿಗೂ ವಿರುದ್ಧವೆಂದು ಸ್ಕಾಟ್ಲೆಂಡಿನ ಜಾನ್ ನಾಕ್ಸ್ 1558ರಲ್ಲಿ ಪುಸ್ತಕ ಬರೆದ. ಅವನ ಕಣ್ಣಿದ್ದದ್ದು ಕ್ಯಾಥೊಲಿಕ್ ರಾಣಿಯರ ಮೇಲೆ. ಆದರೆ ಅದೇ ವರ್ಷ ಪ್ರೊಟೆಸ್ಟೆಂಟಳಾದ ಒಂದನೆಯ ಎಲಿಜಬೆತ್ ಇಂಗ್ಲೆಂಡಿನ ಪಟ್ಟಕ್ಕೆ ಬಂದಳು. ಆಕೆ ಆ ಪುಸ್ತಕವನ್ನು ಮರೆಯಲೂ ಇಲ್ಲ, ಅವನಿಗೆ ತನ್ನ ದೇಶದ ಮೂಲಕ ಹಾದುಹೋಗಲು ಅನುಮತಿ ಕೊಡಲೂ ಇಲ್ಲ. ಅವಳ ತಂದೆ ಎಂಟನೆಯ ಹೆನ್ರಿ 1534ರಲ್ಲಿ ಇಂಗ್ಲೆಂಡಿನ ಚರ್ಚಿಗೆ 'ಪರಮ ಶಿರಸ್ಸು' ಎನಿಸಿಕೊಂಡಿದ್ದ. ಹೆಣ್ಣು ಚರ್ಚಿನ ಶಿರಸ್ಸಾಗುವುದುಂಟೇ ಎಂಬ ಆಕ್ಷೇಪ ಬಂತು. ಚರ್ಚಿಗೆ ಕ್ರಿಸ್ತನೊಬ್ಬನೇ ಶಿರಸ್ಸು ಎನ್ನುವವರೂ ಇದ್ದರು. ಕೊನೆಗೆ 1559ರಲ್ಲಿ ಎಲಿಜಬೆತ್ತಳಿಗೆ 'ಪರಮ ಆಡಳಿತಾಧಿಕಾರಿ' ಎಂಬ ಬಿರುದು ಕೊಟ್ಟರು. ಹೆಣ್ಣಿಗಾಗಿಯೂ ಬದಲಾದ ಆ ಪದ ಇಂದಿಗೂ ಬ್ರಿಟನ್ನಿನ ರಾಜನ ಬಿರುದಾಗಿ ಉಳಿದಿದೆ. ಪದಗಳ ಅರ್ಥ ಆಕಾಶದಿಂದ ಇಳಿಯುವುದಿಲ್ಲ, ಜಗಳದಿಂದ ಹುಟ್ಟುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಈಗ ಮನೆಯ ಮಾತಿಗೆ ಬರೋಣ. ಬೋಡಿನ್ ಪರಮಾಧಿಕಾರದ ಗ್ರಂಥವನ್ನು ಕುಟುಂಬದಿಂದಲೇ ಆರಂಭಿಸುತ್ತಾನೆ. ಅವನ ಪ್ರಕಾರ ರಾಜ್ಯವೆಂದರೆ ಹಲವು ಕುಟುಂಬಗಳ ಕೂಟ. ಕುಟುಂಬಕ್ಕೆ ಒಬ್ಬ ಯಜಮಾನ, ರಾಜ್ಯಕ್ಕೆ ಒಬ್ಬ ರಾಜ, ಲೋಕಕ್ಕೆ ಒಬ್ಬ ದೇವರು. ಮಕ್ಕಳ ಮೇಲೆ ತಂದೆಗೆ ಪ್ರಾಣ ತೆಗೆಯುವಷ್ಟು ಅಧಿಕಾರ ಹಿಂದೆ ರೋಮಿನಲ್ಲಿತ್ತು, ಅದು ಮತ್ತೆ ಬರಬೇಕು ಎಂದೂ ವಾದಿಸುತ್ತಾನೆ. ಮುಂದೆ ಇಂಗ್ಲೆಂಡಿಗೂ ದೊರೆಯಾದ ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ 1598ರಲ್ಲಿ ರಾಜರ ಅಧಿಕಾರದ ಬಗ್ಗೆ ಬರೆದ ಪುಸ್ತಕದಲ್ಲಿಯೂ ರಾಜ ಪ್ರಜೆಗಳ ತಂದೆ. ತಂದೆ ಕೆಟ್ಟವನಾದರೂ ಮಕ್ಕಳು ಅವನ ಮೇಲೆ ಕೈ ಎತ್ತಬಾರದು. ಆದ್ದರಿಂದ ಪ್ರಜೆಗಳೂ ಎತ್ತಬಾರದು.

ಇದು ಬರೀ ಹೋಲಿಕೆ ಎಂದುಕೊಳ್ಳಬೇಡಿ, ಅದು ಕಾನೂನೇ ಆಗಿತ್ತು. 1351ರ ಇಂಗ್ಲೆಂಡಿನ ಶಾಸನದಲ್ಲಿ 'ಕಿರು ರಾಜದ್ರೋಹ' ಎಂಬ ಅಪರಾಧವಿದೆ. ಸೇವಕ ಧಣಿಯನ್ನು ಕೊಂದರೆ, ಹೆಂಡತಿ ಗಂಡನನ್ನು ಕೊಂದರೆ ಅದು ಬರಿಯ ಕೊಲೆಯಲ್ಲ, ಒಂದು ಬಗೆಯ ರಾಜದ್ರೋಹ. ಹೆಂಗಸಿಗೆ ಸುಡುವ ಶಿಕ್ಷೆ. ಗಂಡ ಹೆಂಡತಿಯನ್ನು ಕೊಂದರೆ ಅದು ಕೊಲೆ ಮಾತ್ರ. ಸುಡುವ ಶಿಕ್ಷೆ ನಿಂತದ್ದು 1790ರಲ್ಲಿ, ಆ ಅಪರಾಧದ ಹೆಸರೇ ಹೋದದ್ದು 1828ರಲ್ಲಿ. ನಮ್ಮಲ್ಲಿ ಗಂಡನನ್ನು 'ನಮ್ಮ ಯಜಮಾನರು' ಎನ್ನುವ ರೂಢಿಯಿದೆ. ಹೇಳುವಾಗ ಅದರ ಅರ್ಥ ಯಾರೂ ತೂಗಿ ನೋಡುವುದಿಲ್ಲ. ಆ ದೇಶದ ನ್ಯಾಯಾಲಯ ತೂಗಿ ನೋಡುತ್ತಿತ್ತು.

ಈ ಪದಗಳ ಸಂಸಾರದಲ್ಲಿ ಇನ್ನೂ ಒಬ್ಬಳಿದ್ದಾಳೆ, ಮಾಟಗಾತಿ. ಪಾಠದ ಪಟ್ಟಿಗಳಲ್ಲಿ ಅವಳನ್ನು 'ಮೂಢನಂಬಿಕೆ' ಎಂಬ ತಲೆಬರಹದಡಿ ಬೇರೆಯಾಗಿ ಕೂರಿಸುತ್ತಾರೆ. ರಾಜನಿಗೂ ಅವಳಿಗೂ ಏನು ಸಂಬಂಧ ಎಂದೀರಾ? ಪರಮಾಧಿಕಾರಕ್ಕೆ ಅರ್ಥ ಬರೆದ ಅದೇ ಬೋಡಿನ್ 1580ರಲ್ಲಿ ಮಾಟಗಾತಿಯರನ್ನು ಹಿಡಿದು ವಿಚಾರಿಸುವುದು ಹೇಗೆ ಎಂಬ ಪುಸ್ತಕವನ್ನೂ ಬರೆದ. ಇಂಥ ಅಪರಾಧಕ್ಕೆ ಸಾಮಾನ್ಯ ಸಾಕ್ಷ್ಯದ ನಿಯಮ ಸಾಲದು, ತಾಯಿಯ ವಿರುದ್ಧ ಮಕ್ಕಳ ಸಾಕ್ಷಿಯನ್ನೂ ಒಪ್ಪಬಹುದು ಎಂದ. ಇವರಲ್ಲಿ ಅನೇಕರು ಮನೋರೋಗದಿಂದ ನರಳುವ ಮುದುಕಿಯರು, ಬೇಕಾದದ್ದು ಚಿಕಿತ್ಸೆ ಎಂದು 1563ರಲ್ಲಿ ಬರೆದಿದ್ದ ವೈದ್ಯ ಯೋಹಾನ್ ವೇಯರನ ಮೇಲೆ ಹರಿಹಾಯ್ದ.

ಜೇಮ್ಸನೂ ಅಷ್ಟೆ. ಡೆನ್ಮಾರ್ಕಿನಿಂದ ಹೆಂಡತಿಯನ್ನು ಕರೆತರುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದದ್ದು ಮಾಟದಿಂದ ಎಂಬ ಆರೋಪದ ಮೇಲೆ 1590-91ರಲ್ಲಿ ನಾರ್ತ್ ಬೆರಿಕ್ ಪ್ರಕರಣದಲ್ಲಿ ಅನೇಕರನ್ನು ಹಿಡಿದರು. ರಾಜ ತಾನೇ ಕುಳಿತು ವಿಚಾರಣೆ ಮಾಡಿದ. ಅವರಲ್ಲಿ ಸೂಲಗಿತ್ತಿಯಾಗಿದ್ದ ಆಗ್ನೆಸ್ ಸ್ಯಾಂಪ್ಸನ್ ಎಂಬಾಕೆಯನ್ನು 1591ರಲ್ಲಿ ಕೊಂದರು. 1597ರಲ್ಲಿ ಜೇಮ್ಸನ ಭೂತವಿದ್ಯೆಯ ಪುಸ್ತಕ, ಮಾರನೆಯ ವರ್ಷ ರಾಜಾಧಿಕಾರದ ಪುಸ್ತಕ. ಎರಡನ್ನೂ ಬರೆದದ್ದು ಒಂದೇ ಕೈ. ಇದು ಕಾಕತಾಳೀಯ ಎನ್ನಲು ನನಗೆ ಮನಸ್ಸಾಗುವುದಿಲ್ಲ. ದೇವರು, ರಾಜ, ಯಜಮಾನ ಎಂಬ ಏಣಿಯನ್ನು ಕಟ್ಟಿದವನಿಗೆ ಆ ಏಣಿಯನ್ನು ಅಲ್ಲಾಡಿಸುವವರು ಬೇಕಾಗುತ್ತಾರೆ. ದೇವರಿಗೆ ದ್ರೋಹ ಬಗೆದು, ರಾಜನ ಹಡಗು ಮುಳುಗಿಸಲು ಹೋಗಿ, ಯಾವ ಯಜಮಾನನ ಮಾತಿಗೂ ಸಿಗದವಳು ಅವರ ಕಲ್ಪನೆಯ ಮಾಟಗಾತಿ.

ಇಲ್ಲಿಯೂ ಒಂದು ಸಾಲಿನ ಅರ್ಥವನ್ನು ನಂಬಬಾರದು. ಕನ್ನಡದ ಮಾಟಗಾತಿ ಹೆಣ್ಣೇ, ಆದರೆ ಯುರೋಪಿನಲ್ಲಿ ಕೊಲ್ಲಲ್ಪಟ್ಟವರೆಲ್ಲ ಹೆಣ್ಣಲ್ಲ. ಸುಮಾರು ಮೂರು ಶತಮಾನಗಳಲ್ಲಿ ಸತ್ತವರು 40ರಿಂದ 60 ಸಾವಿರ ಎಂದು ವಿದ್ವಾಂಸರ ಅಂದಾಜು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಐಸ್‌ಲ್ಯಾಂಡ್, ನಾರ್ಮಂಡಿಯಂಥ ಕಡೆ ಗಂಡಸರೇ ಹೆಚ್ಚು. ಎಲ್ಲವನ್ನೂ ಚರ್ಚಿನ ತಲೆಗೆ ಕಟ್ಟುವುದೂ ಸರಿಯಲ್ಲ, ಹೆಚ್ಚಿನ ಮರಣದಂಡನೆ ಕೊಟ್ಟದ್ದು ಲೌಕಿಕ ನ್ಯಾಯಾಲಯಗಳು. ಕ್ರೌರ್ಯಕ್ಕೆ ಹೆಸರಾದ ಸ್ಪೇನಿನ ಇನ್‌ಕ್ವಿಸಿಷನ್ನಿನಲ್ಲಿಯೇ ಅಲೊನ್ಸೊ ದೆ ಸಲಜಾರ್ ಎಂಬ ಅಧಿಕಾರಿ ಊರೂರು ತಿರುಗಿ ತನಿಖೆ ಮಾಡಿ, ಮಾಟದ ಒಂದು ಪುರಾವೆಯೂ ಸಿಗಲಿಲ್ಲವೆಂದು ವರದಿ ಬರೆದ. 1614ರಿಂದ ಅಲ್ಲಿ ಇಂಥ ಮೊಕದ್ದಮೆಗಳಿಗೆ ಕಟ್ಟುನಿಟ್ಟು ಬಂತು. ಪುರಾವೆ ಕೇಳಿದ ಒಬ್ಬ ಮನುಷ್ಯ ಎಷ್ಟು ಜೀವ ಉಳಿಸಿದ ನೋಡಿ.

ಈ ಏಣಿಗೆ ಏಟು ಬಿದ್ದದ್ದೂ ಪದದ ಜಗಳದಿಂದಲೇ. ಆದಿಪುರುಷ ಆದಾಮನಿಂದ ತಂದೆತನವೂ ರಾಜತನವೂ ಒಟ್ಟಿಗೇ ಬಂದವು ಎಂದು ರಾಬರ್ಟ್ ಫಿಲ್ಮರ್ ಬರೆದಿದ್ದ ಪುಸ್ತಕ, ಅವನು ಸತ್ತ ಮೇಲೆ 1680ರಲ್ಲಿ ಅಚ್ಚಾಯಿತು. ತಂದೆಯನ್ನು ಸನ್ಮಾನಿಸಬೇಕೆಂಬ ಬೈಬಲ್ಲಿನ ಆಜ್ಞೆಯೇ ರಾಜನಿಗೆ ವಿಧೇಯರಾಗಿರಬೇಕೆಂಬುದಕ್ಕೆ ಆಧಾರ ಎಂದು ಅವನ ವಾದ. 1689ರಲ್ಲಿ ಜಾನ್ ಲಾಕ್ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಆ ಆಜ್ಞೆಯಲ್ಲಿ ತಂದೆಯ ಜೊತೆ ತಾಯಿಯೂ ಇದ್ದಾಳಲ್ಲ, ಅವಳನ್ನು ಯಾಕೆ ಬಿಟ್ಟಿರಿ ಎಂದು ಅವನು ಕೇಳಿದ. ತಾಯಿಯನ್ನು ಸೇರಿಸಿದೊಡನೆ ಒಬ್ಬನೇ ಪರಮಾಧಿಕಾರಿ ಎಂಬ ವಾದ ಬಿದ್ದುಹೋಗುತ್ತದೆ. ಪಕ್ಕಕ್ಕೆ ಸರಿಸಿದ್ದ ಒಂದೇ ಒಂದು ಪದ ರಾಜಸಿದ್ಧಾಂತವನ್ನು ಉರುಳಿಸಿತು. ಆದರೆ ಲಾಕನೂ ಅಲ್ಲಿಗೇ ನಿಂತ. ಗಂಡಹೆಂಡಿರಲ್ಲಿ ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಹೆಚ್ಚು ಸಮರ್ಥನೂ ಬಲಶಾಲಿಯೂ ಆದ ಗಂಡಸಿನದೇ ಎಂದ. ತಾಯಿ ವಾದಕ್ಕೆ ಬೇಕಾದಳು, ಮನೆಯ ತೀರ್ಮಾನಕ್ಕೆ ಬೇಡವಾದಳು.

ಉಳಿದ ಕೆಲಸವನ್ನು ಹೆಂಗಸರು ಮಾಡಿದರು. ವೆನಿಸ್ಸಿನ ಆರ್ಕಾಂಜೆಲಾ ತರಬೊತ್ತಿಯನ್ನು ಚಿಕ್ಕಂದಿನಲ್ಲೇ ಮಠಕ್ಕೆ ಸೇರಿಸಿದ್ದರು. ವರದಕ್ಷಿಣೆಯ ಖರ್ಚು ಉಳಿಸಲು ಹೆಣ್ಣುಮಕ್ಕಳನ್ನು ಬಲವಂತವಾಗಿ ಮಠಕ್ಕೆ ನೂಕುವ ಪದ್ಧತಿ ಅಲ್ಲಿತ್ತು. ಕಾರಿಟಾಸಳಿಗೆ ಆಸರೆಯಾದ ಮಠ ಈಕೆಗೆ ಸೆರೆಮನೆ. 'ತಂದೆಯ ದಬ್ಬಾಳಿಕೆ' ಎಂದು ತನ್ನ ಪುಸ್ತಕಕ್ಕೆ ಹೆಸರಿಟ್ಟಳು. ಕೆಟ್ಟ ರಾಜನಿಗೆ ಮಾತ್ರ ಬಳಸುತ್ತಿದ್ದ ಪದವನ್ನು ಅಪ್ಪನಿಗೆ ಬಳಸಿದಳು. 1654ರಲ್ಲಿ, ಆಕೆ ಸತ್ತು ಎರಡು ವರ್ಷಕ್ಕೆ ಅದು ಬೇರೆ ಹೆಸರಿನಲ್ಲಿ ಹೊರಬಂತು. ಚರ್ಚು ಅದನ್ನು ನಿಷಿದ್ಧ ಗ್ರಂಥಗಳ ಪಟ್ಟಿಗೆ ಹಾಕಿತು. ಇಂಗ್ಲೆಂಡಿನ ಮೇರಿ ಆಸ್ಟೆಲ್ ರಾಜಪಕ್ಷದವಳು, ದೈವಭಕ್ತೆ. ಮದುವೆಯ ಬಗ್ಗೆ 1700ರಲ್ಲಿ ಆಕೆ ಬರೆದ ಪುಸ್ತಕ ಲಾಕನ ಪಕ್ಷದವರನ್ನು ಚುಚ್ಚುತ್ತದೆ: ದೇಶಕ್ಕೆ ಒಬ್ಬ ನಿರಂಕುಶ ದೊರೆ ಬೇಡವೆಂದಾದರೆ ಮನೆಗೆ ಮಾತ್ರ ಯಾಕೆ ಬೇಕು? ಅವರನ್ನು ಕೆಣಕಲೆಂದೇ ಹೂಡಿದ ಬಾಣವದು. ಹೊರಟ ಬಾಣ ಅವಳ ಉದ್ದೇಶ ದಾಟಿ ಬಹಳ ದೂರ ಹೋಯಿತು.

ಆದ್ದರಿಂದ ನನ್ನ ತರಗತಿಯಲ್ಲಿ ಪದದ ಅರ್ಥ ಬರೆಸಿದ ಮೇಲೆ ಕೆಳಗೆ ಒಂದು ಸಾಲು ಖಾಲಿ ಬಿಡಿಸುತ್ತೇನೆ. ಈ ಅರ್ಥ ಹೇಳಿದವರು ಯಾರು, ಯಾರಿಗೆ ಹೇಳಿದರು ಎಂದು ಅಲ್ಲಿ ಬರೆಯಬೇಕು. ನಿರಂಕುಶ ಎಂದು ಹೇಳಿಕೊಂಡವನು ರಾಜ, ಕೇಳಬೇಕಾಗಿದ್ದವರು ಪ್ರಜೆಗಳು. ಸುಧಾರಣೆ ಎಂದವರು ಊರಿನ ಹಿರಿಯರು, ಹೊರಗೆ ಬರಬೇಕಾದವರು ಹೆಣ್ಣುಮಕ್ಕಳು. ಮಾಟಗಾತಿ ಎಂದವನು ನ್ಯಾಯಾಧೀಶ, ಒಪ್ಪಿಕೊಳ್ಳಬೇಕಾದವಳು ಸೂಲಗಿತ್ತಿ. ಆ ಸಾಲಿಗೆ ಪರೀಕ್ಷೆಯಲ್ಲಿ ಅಂಕವಿಲ್ಲ. ಗಂಡುಹುಡುಗರು ಕೆಲವರು ಅದನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಹುಡುಗಿಯರು ಮಾತ್ರ ಬಿಡದೆ ತುಂಬಿಸುತ್ತಾರೆ, ಕೆಲವೊಮ್ಮೆ ಜಾಗ ಸಾಲದೆ ಪುಟದ ಅಂಚಿನಲ್ಲೂ ಬರೆದಿರುತ್ತಾರೆ.